ಐದನೆಯ ತುತ್ತು

ಪೋರ್ಚುಗಲ್
12 ಅಕ್ಟೋಬರ್ 2003

ತೀ॥ ಗಂ॥ ಭಾ॥ ಅತ್ತೆಯವರಿಗೆ ನಲಿನಿಯ ನಮಸ್ಕಾರಗಳು.

ಇಲ್ಲಿಗೆ ಬಂದು ಒಂಬತ್ತು ದಿನವಾಯಿತು. ಮೊನ್ನೆ ಫೋನಿನಲ್ಲಿ ಮೂರು ಸಲ "ಆರಾಮ ಇದ್ದೀನ್ರೀ" ಎಂದು ಕೂಗಿದೆ. ನಿಮಗೆ ಕೇಳಿಸಿತೋ ಇಲ್ಲವೋ, ವಾಸುದೇವನಂತೂ "ವಹಿನಿ, ನನ್ನ ಕಿವಿ ಹೋದ್ವು" ಎಂದ. ನಿಮ್ಮ ಕಿವಿಯನ್ನೂ ನನ್ನ ಗಂಟಲನ್ನೂ ನಂಬಿಕೊಂಡು, ಮೈದುನನ ಎದುರಿಗೆ ಹಾಲ್‌ನಲ್ಲಿ ಆಡುವ ಮಾತುಗಳಲ್ಲ ನಮ್ಮವು. ಕಾಗದವೇ ವಾಸಿ.

ಮೊದಲು ಜಾಗದ ಸುದ್ದಿ. ಸಮುದ್ರದ ದಂಡೆಗೇ ಕಟ್ಟಿದ ರಜೆಯ ಫ್ಲ್ಯಾಟುಗಳು ಇವು. ಬೇಸಿಗೆಯಲ್ಲಿ ಜನ ಸಂಸಾರ ಸಮೇತ ಬಂದು, ಹದಿನೈದು ದಿನ ತಾವೇ ಅಡುಗೆ ಮಾಡಿಕೊಂಡು, ಬಿಸಿಲಿಗೆ ಮೈ ಸುಟ್ಟುಕೊಂಡು ಹೋಗುತ್ತಾರಂತೆ. ಎ ಮತ್ತು ಬಿ ಎಂದು ಎರಡು ಬ್ಲಾಕು, ನಡುವೆ ಈಜುಕೊಳ. ಈಗ ಸೀಸನ್ ಮುಗಿದಿದೆ. ಕೊಳದ ನೀರು ಬಸಿದು, ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿದ್ದಾರೆ. ಬಿ ಬ್ಲಾಕಿಗೆ ಬೀಗ. ಎ ಬ್ಲಾಕಿನ ನಲವತ್ತು ಮನೆಗಳಲ್ಲಿ ಇರುವವಳು ನಾನೊಬ್ಬಳು. ಆದ್ದರಿಂದಲೇ ಬಾಡಿಗೆ ಅಗ್ಗ, ನನಗೆ ಫೆಲೋಶಿಪ್ ಕೊಟ್ಟ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

ಅಡುಗೆಮನೆಯ ಬಾಗಿಲಿಗೆ ಸಾಮಾನಿನ ಪಟ್ಟಿ ಅಂಟಿಸಿದ್ದಾರೆ. ತಟ್ಟೆ ನಾಲ್ಕು, ಲೋಟ ನಾಲ್ಕು, ಚಮಚ ನಾಲ್ಕು, ಕುರ್ಚಿ ನಾಲ್ಕು. ಮೂರು ಖಾಲಿ ಕುರ್ಚಿಗಳನ್ನು ಎದುರಿಗಿಟ್ಟುಕೊಂಡು ಉಣ್ಣುವುದು ನನಗೆ ಸೇರಲಿಲ್ಲ. ಎರಡನ್ನು ಎತ್ತಿ ಮಲಗುವ ಕೋಣೆಯಲ್ಲಿಟ್ಟೆ. ಮೂರನೆಯದನ್ನು ಎತ್ತಲು ಯಾಕೋ ಮನಸ್ಸಾಗಲಿಲ್ಲ. ಮೊದಲ ದಿನ ಕುಕ್ಕರ್ ಸೀಟಿ ಹೊಡೆದಾಗ ಇಲ್ಲಿನ ಕಾವಲಿನ ಹೆಂಗಸು ಅಮೇಲಿಯಾ ಬಕೆಟ್ ನೀರು ಹಿಡಿದು ಓಡಿ ಬಂದಳು. ಅರವತ್ತು ದಾಟಿದ ವಿಧವೆ, ದಪ್ಪ ಹುಬ್ಬು, ಥೇಟ್ ನಮ್ಮ ಓಣಿಯ ಗೋದಾಬಾಯಿ. ಅನ್ನ ತೋರಿಸಿದ ಮೇಲೆ ಬಕೆಟ್ ಕೆಳಗಿಟ್ಟು ಎದೆ ಹಿಡಿದುಕೊಂಡು ನಕ್ಕಳು. ನಮಗಿಬ್ಬರಿಗೂ ಸೇರಿ ಹತ್ತು ಶಬ್ದಗಳ ಬಂಡವಾಳ.

ಸಮುದ್ರವಿಲ್ಲದ ಹೈದರಾಬಾದಿನಲ್ಲಿ ಕೂತು ಇಪ್ಪತ್ತು ವರ್ಷ ಕಡಲಪಾಚಿಯ ಪಾಠ ಮಾಡಿದೆ. ಬಾಟಲಿಯಲ್ಲಿ ಸತ್ತದ್ದನ್ನಷ್ಟೇ ನೋಡಿದವಳು ಈಗ ದಿನವೂ ಬಂಡೆಯ ಮೇಲೆ ಜೀವಂತ ನೋಡುತ್ತಿದ್ದೇನೆ. ಸಂತೋಷವಾಗಬೇಕು. ಆಗುತ್ತಲೂ ಇದೆ, ಸ್ವಲ್ಪ.

ಈಗ ಮುಖ್ಯ ಮಾತು. ಮಾರ್ಗಶಿರ ಬಹುಳ ಬಿದಿಗೆಗೆ ನಿಮ್ಮ ಮಗ ಮನೆ ಬಿಟ್ಟು ಹೋಗಿ ಹನ್ನೆರಡು ವರ್ಷ ತುಂಬುತ್ತದೆ. ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ಮುತ್ತಲ ಎಲೆಯ ದೇಹ ಮಾಡಿ ಸುಡಬೇಕೆಂದು ಶಾಸ್ತ್ರವಿದೆ, ನನಗೂ ಗೊತ್ತು. ಆದರೆ ನಾನು ಫೆಬ್ರವರಿಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ತಡೆಯಿರಿ. ಹನ್ನೆರಡು ವರ್ಷ ಕಾದವರಿಗೆ ಇನ್ನೆರಡು ತಿಂಗಳು ಹೆಚ್ಚಲ್ಲ.

ನಿಮ್ಮ ಸೊಸೆ,
ನಲಿನಿ

•

ತಾರ್ನಾಕ, ಹೈದರಾಬಾದು
27-10-2003

ಚಿ॥ ಸೌ॥ ನಲಿನಿಗೆ ಯಮುನಾಬಾಯಿಯ ಅನೇಕ ಆಶೀರ್ವಾದಗಳು.

ನಿನ್ನ ಕಾಗದ ನರಕ ಚತುರ್ದಶಿಯ ದಿನ ಬಂತು. ಎಣ್ಣೆ ಕೈಯಲ್ಲೇ ಒಡೆದೆ, ಅದರ ಮೂಲೆಯಲ್ಲಿ ಕಲೆ ಬಿತ್ತು. ವಾಸುದೇವ ಆಫೀಸಿಗೆ ಹೋದ ಮೇಲೆ ಬರೆಯುತ್ತಿದ್ದೇನೆ. ಅವನು ಬರೆದುಕೊಡುತ್ತೇನೆ ಎನ್ನುತ್ತಾನೆ, ನನಗೆ ಬೇಡ. ನನ್ನ ಅಕ್ಷರ ಇರುವೆ ಹರಿದಂತಿದ್ದರೂ ನನ್ನದು.

ನೀನು ಅಷ್ಟು ಖರ್ಚು ಮಾಡಿಕೊಂಡು ಹೋಗಿ ಪಾಚಿ ನೋಡುವುದು ನನಗೆ ತಿಳಿಯದ ಮಾತು. ನಮ್ಮ ಹಿತ್ತಲ ತೊಟ್ಟಿಯಲ್ಲಿ ಬೇಕಾದಷ್ಟಿದೆ. ಹೋಗಲಿ, ಕುರ್ಚಿ ಎತ್ತಿಡಬೇಡ. ಬಂದವರು ಎಲ್ಲಿ ಕೂಡಬೇಕು?

ತಡೆಯಿರಿ ಎಂದು ಬರೆದಿದ್ದೀ. ಹೇಗೆ ತಡೆಯಲಿ ಹೇಳು. ವಾಸುದೇವ ಗಚ್ಚಿಬೌಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡದ್ದು ನಿನಗೆ ಗೊತ್ತಿದೆ. ಸಂಕ್ರಾಂತಿ ಮುಗಿದ ಕೂಡಲೇ ಈ ಮನೆ ಬಿಡಬೇಕು. ಆ ಕಡೆ ಎಲ್ಲ ಹೊಸ ರಸ್ತೆ, ಗೇಟು, ಕಾವಲು. ದತ್ತೂಗೆ ಗೊತ್ತಿರುವುದು ಈ ತಾರ್ನಾಕದ ಬಾಗಿಲು ಒಂದೇ. ಅವನ ಕರ್ಮ ಬಾಕಿ ಉಳಿಸಿಕೊಂಡು ಮನೆ ಬದಲಿಸಿದರೆ ಅವನು ಎಲ್ಲಿಗೆ ಬಂದು ನಿಲ್ಲಬೇಕು?

ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆಷಾಢದಿಂದ ಅವನು ಕನಸಿನಲ್ಲಿ ಬರುತ್ತಿದ್ದಾನೆ. ಊಟವಾಗಿ ಮಧ್ಯಾಹ್ನ ಅಡ್ಡಾದರೆ ಸಾಕು, ಹೊಸ್ತಿಲ ಆಚೆ ನಿಂತಿರುತ್ತಾನೆ. ಅಂಗಿ, ಪ್ಯಾಂಟು ಎಲ್ಲ ತೊಯ್ದು ನೀರು ಸೋರುತ್ತಿರುತ್ತದೆ. "ಅವ್ವಾ, ಎಲಿ ಹಾಕು" ಅನ್ನುತ್ತಾನೆ. "ಒಳಗ ಬಾರೋ" ಅಂದರೆ "ನೆಲ ಹಸಿ ಆಗ್ತದ" ಅನ್ನುತ್ತಾನೆ. ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ. ನಾನು ಎದ್ದು ಹೊಸ್ತಿಲು ಮುಟ್ಟಿ ನೋಡುತ್ತೇನೆ. ಒಣಗಿರುತ್ತದೆ. ಹೆತ್ತವಳ ಹೊಟ್ಟೆ ಉರಿಯುತ್ತದೆ ನಲಿನಿ. ಅವನು ಹಸಿದಿದ್ದಾನೆ.

ನರಹರಿ ಶಾಸ್ತ್ರಿಗಳನ್ನು ಕರೆಸಿದ್ದೆ. ಬಿದಿಗೆ ಡಿಸೆಂಬರ್ ಹತ್ತಕ್ಕೆ ಬರುತ್ತದೆ. ವಾಸುದೇವ ಮಾಡುತ್ತಾನೆ. ಶಾಸ್ತ್ರಿಗಳು ಒಂದು ಮಾತು ಹೇಳಿದರು: "ಹೋದ ದಿನದಿಂದ ಅಲ್ಲರೀ ಲೆಕ್ಕ, ಕಡೀ ಸುದ್ದಿ ಬಂದ ದಿನದಿಂದ. ನಡುವ ಒಂದು ಕಾರ್ಡ್ ಬಂದಿದ್ರೂ, ಯಾರರೆ ಕಣ್ಣಿಲೆ ನೋಡಿದ್ರೂ, ಮತ್ತ ಹನ್ನೆರಡು ವರ್ಷ ಕಾಯಬೇಕು. ತಾಯಿ ಬಾಯಿಲೆ ಹೇಳಬೇಕು, ಹೆಂಡತಿ ಬರದು ಕೊಡಬೇಕು." ಆದ್ದರಿಂದ ನೀನು ಒಂದು ಚೀಟಿ ಬರೆದು ಕಳಿಸು. ಹನ್ನೆರಡು ವರ್ಷ ನನ್ನ ಗಂಡನ ಯಾವ ಸುದ್ದಿಯೂ ಬಂದಿಲ್ಲ ಎಂದು, ಕೆಳಗೆ ಸಹಿ. ಒಂದು ಸಾಲಿನ ಕೆಲಸ.

ಥಂಡಿಯಲ್ಲಿ ಓಡಾಡಬೇಡ. ಚಟ್ನಿಪುಡಿ ಮುಗಿದಿದ್ದರೆ ತಿಳಿಸು.

ಇತಿ ಆಶೀರ್ವಾದಗಳು,
ಯಮುನಾಬಾಯಿ

•

ಪೋರ್ಚುಗಲ್
12 ನವೆಂಬರ್ 2003

ತೀ॥ ಗಂ॥ ಭಾ॥ ಅತ್ತೆಯವರಿಗೆ ನಮಸ್ಕಾರಗಳು.

ಆ ಒಂದು ಸಾಲನ್ನು ನಾನು ಬರೆಯಲಾರೆ. ಯಾಕೆಂದು ಹೇಳುತ್ತೇನೆ, ಬಯ್ಯುವುದಾದರೆ ಕಡೆಯಲ್ಲಿ ಬಯ್ಯಿರಿ.

ನಾನು ಪಾಚಿಗಾಗಿ ಇಲ್ಲಿಗೆ ಬರಲಿಲ್ಲ. ಬಾಡಿಗೆ ಅಗ್ಗವೆಂದೂ ಬರಲಿಲ್ಲ. ನಮ್ಮ ನಡುಮನೆಯಲ್ಲಿ ಅವರ ಆಫೀಸಿನ ಕ್ಯಾಲೆಂಡರ್ ನೇತಾಡುತ್ತಿದೆಯಲ್ಲ, ಬೇಗಂಪೇಟೆಯ ಟ್ರಾವೆಲ್ ಏಜೆನ್ಸಿಯದು, ಹನ್ನೆರಡು ವರ್ಷದಿಂದ ಡಿಸೆಂಬರ್ 1991 ತೋರಿಸುತ್ತಾ ನಿಂತದ್ದು. ಅದರಲ್ಲಿರುವ ಬಿಳಿ ಕಟ್ಟಡ, ನೀಲಿ ಬಾಲ್ಕನಿ, ಹಿಂದೆ ಸಮುದ್ರ. ಅವರು ಆ ತಿಂಗಳು ಹಲ್ಲುಜ್ಜುತ್ತಲೂ ಅದನ್ನೇ ನೋಡುತ್ತಿದ್ದರು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಊರಿನ ಹೆಸರಿದೆ. ಹನ್ನೆರಡು ವರ್ಷ ಅದರ ಧೂಳು ಒರೆಸಿದವಳು ನಾನು, ಆ ಹೆಸರು ನನಗೆ ಬಾಯಿಪಾಠ. ಫೆಲೋಶಿಪ್ಪಿಗೆ ಅರ್ಜಿ ಹಾಕುವಾಗ ನಕ್ಷೆ ಮುಂದಿಟ್ಟುಕೊಂಡು ಈ ಊರಿಗೆ ಹತ್ತಿರದ ವಿಶ್ವವಿದ್ಯಾಲಯವನ್ನೇ ಹುಡುಕಿದೆ. ಅಲ್ಲಿನ ಆಫೀಸಿನವರು ಮೂರು ವಸತಿಗಳ ಹೆಸರು ಕಳಿಸಿದರು, ನಾನು ನಾಲ್ಕನೆಯದನ್ನು ಕೇಳಿದೆ. ಚಿತ್ರದಲ್ಲಿರುವುದು ನನ್ನ ಕಿಟಕಿಯ ಎದುರಿಗಿರುವ ಬಿ ಬ್ಲಾಕು.

ನಗಬೇಡಿ. ಚಿತ್ರ ನೋಡಿದವರೆಲ್ಲ ಚಿತ್ರದೊಳಗೆ ಹೋಗಿ ಸೇರುವುದಿಲ್ಲವೆಂದು ನನಗೂ ತಿಳಿಯುತ್ತದೆ. ಆದರೂ ರಿಸೆಪ್ಷನ್ನಿನ ಕಪಾಟಿನಲ್ಲಿರುವ ಅತಿಥಿಗಳ ಪುಸ್ತಕಗಳನ್ನು ಅಮೇಲಿಯಾಳಿಂದ ಕೇಳಿ ಪಡೆದು, 1992ರಿಂದ ಒಂದೊಂದೇ ಹಾಳೆ ತಿರುವಿದೆ. ಎಷ್ಟು ಜನ! ಎಲ್ಲರೂ ಮತ್ತೆ ಬರುತ್ತೇವೆ ಎಂದೇ ಬರೆದಿದ್ದಾರೆ. ನಿಮ್ಮ ಮಗನ ಅಕ್ಷರ ಎಲ್ಲೂ ಇಲ್ಲ.

ಅಲ್ಲಿಗೆ ಬಿಟ್ಟುಬಿಡುತ್ತಿದ್ದೆ. ಆದರೆ ಎಂಟು ದಿನದ ಹಿಂದೆ ಮಧ್ಯಾಹ್ನ ಊಟಕ್ಕೆ ಕೂತಾಗ ಎದುರಿನ ಬಿ ಬ್ಲಾಕಿನ ಮೂರನೆಯ ಮಹಡಿಯಲ್ಲಿ ಒಂದು ಕೈ ಕಂಡಿತು. ಬೀಗ ಹಾಕಿದ ಕಟ್ಟಡ. ಬಾಲ್ಕನಿಯ ಗೋಡೆ ಎತ್ತರ, ಕೂತವರು ಕಾಣುವುದಿಲ್ಲ. ಕಂದು ಸ್ವೆಟರಿನ ತೋಳು ಮೇಲೆ ಬಂತು, ಗಂಡಸಿನ ಸ್ವೆಟರು. ಕಟ್ಟೆಯ ಮೇಲೆ ಐದು ಚೂರು ಏನನ್ನೋ ಸಾಲಾಗಿ ಇಟ್ಟಿತು. ನಾಲ್ಕು ಒತ್ತೊತ್ತಾಗಿ, ಐದನೆಯದು ಒಂದು ಗೇಣು ದೂರ. ಆಮೇಲೆ ಕೈ ಕೆಳಗೆ ಹೋಯಿತು.

ಅತ್ತೆ, ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿತ್ತು. ಊಟಕ್ಕೆ ಮುಂಚೆ ಎಲೆಯ ಬಲಕ್ಕೆ ಐದು ಚಿತ್ರಾಹುತಿ ಇಡದೆ ಅವರು ಒಂದು ದಿನವೂ ಉಣ್ಣಲಿಲ್ಲ. ಆಫೀಸಿಗೆ ಒಯ್ದ ಡಬ್ಬಿಯ ಮುಚ್ಚಳದ ಮೇಲೂ ಇಡುತ್ತಿದ್ದರು. ಯಮನಿಗೆ, ಚಿತ್ರಗುಪ್ತನಿಗೆ ನಾಲ್ಕು ಕೂಡಿಸಿಟ್ಟು, ಐದನೆಯದನ್ನು ದೂರ ಸರಿಸಿ "ಇದು ಹೆಸರಿಲ್ಲದವರಿಗೆ" ಎಂದು ನಗುತ್ತಿದ್ದರು. ಹಾಗೆ ಸರಿಸಿಡುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಎಂಟೂ ದಿನ ಅದೇ ಹೊತ್ತು, ಅದೇ ಕೈ, ಅದೇ ಐದು. ಅಮೇಲಿಯಾಳನ್ನು ಕೇಳಿದೆ, ಬಿ ಬ್ಲಾಕಿನಲ್ಲಿ ಯಾರಿದ್ದಾರೆ ಎಂದು. ಯಾರೂ ಇಲ್ಲ ಎಂದು ಎರಡೂ ಕೈ ತಿರುವಿದಳು. ಹೋಗಿ ಬಾಗಿಲು ಬಡಿಯಬೇಕು. ದಿನಾ ಕೊಳದವರೆಗೆ ಹೋಗಿ ತಿರುಗಿ ಬರುತ್ತೇನೆ.

ಇನ್ನೊಂದು ಮಾತು. ಹೋಗುವ ಹಿಂದಿನ ದಿನ ನಾನು ಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿದ್ದೆ. ಅವರು ಕ್ಯಾಲೆಂಡರಿನ ಮುಂದೆ ನಿಂತು "ನಲಿನಿ, ಬರ್ತೀಯೇನು?" ಎಂದರು. ನಾನು ತಲೆ ಎತ್ತದೆ "ಎಲ್ಲಿಗೆ? ನಾಳೆ ಕ್ಲಾಸ್ ಅದ" ಎಂದೆ. ಮರುದಿನ "ಅನ್ನಕ್ಕಿಡ್ರಿ, ಬೇಗಂಪೇಟೆಗೆ ಹೋಗಿ ಬರ್ತೀನಿ" ಎಂದು ಹೋದವರು ಹೋದರು. ರೈಲ್ವೆ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಸ್ಕೂಟರ್ ಸಿಕ್ಕಿತು. ತಲೆಯೆತ್ತಿ ನೋಡಿದ್ದರೆ ಏನಾಗುತ್ತಿತ್ತೋ. ಹನ್ನೆರಡು ವರ್ಷದಿಂದ ನನ್ನನ್ನು ತಿನ್ನುತ್ತಿರುವುದು ಇದೇ.

ಮತ್ತೆ, ಆರು ವರ್ಷದ ಹಿಂದೆ ಒಂದು ಸಂಜೆ ನಮ್ಮ ಅಡುಗೆಮನೆಯ ನೆಲದ ಮೇಲೂ ನಾನು ಐದು ಒಣಗಿದ ಅಗುಳು ಕಂಡಿದ್ದೆ. ನಾಲ್ಕು ಕೂಡಿ, ಒಂದು ದೂರ. ಅವತ್ತು ಅನ್ನವೂ ಕಡಿಮೆ ಇತ್ತು. "ಭಿಕ್ಷಾಕ್ಕ ಬಂದಿದ್ರು, ಹಾಕಿದೆ" ಎಂದಿರಿ. ಮಗನ ನೆನಪಿಗೆ ಎಲೆ ಹಾಕಿಕೊಂಡಿದ್ದೀರಿ ಎಂದು ನಾನು ಮತ್ತೆ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ವಿಧಿ ನಿಲ್ಲಿಸಿ. ಅವರು ಇದ್ದಾರೆ.

ನಿಮ್ಮ ಸೊಸೆ,
ನಲಿನಿ

•

ತಾರ್ನಾಕ
24-11-2003

ಚಿ॥ ಸೌ॥ ನಲಿನಿಗೆ ಆಶೀರ್ವಾದಗಳು.

ಕಾಗದ ನಿನ್ನೆ ಮುಟ್ಟಿತು. ಆ ಬಾಗಿಲು ಬಡಿಯಬೇಡ. ಅದು ದತ್ತೂ ಅಲ್ಲ.

ಹೇಗೆ ಗೊತ್ತು ಎಂದು ನೀನು ಕೇಳುತ್ತೀ. ನಾನು ಹೇಳುವುದಿಲ್ಲ. ನಾಲ್ಕು ತಿಂಗಳು ಅತ್ತೆಯ ಕಾಟವಿಲ್ಲದೆ ಇರಲಿ ಎಂದು ಕಳಿಸಿದೆ, ನೀನು ಅಲ್ಲಿಗೆ ಹೋಗಿಯೂ ಅವನದೇ ಎಂಜಲು ಬಳಿಯುತ್ತಾ ಕೂತಿದ್ದೀ. ನಲವತ್ತಾರು ವರ್ಷದ ಹೆಂಗಸು. ನಿನ್ನ ವಯಸ್ಸಿನಲ್ಲಿ ನನಗೆ ಸೊಸೆ ಬಂದಿದ್ದಳು, ಅವಳ ಮೇಲೆ ಹಾರಾಡಿ ಹೊತ್ತು ಹೋಗುತ್ತಿತ್ತು. ನಿನಗೆ ಹಾರಾಡಲಿಕ್ಕೂ ಯಾರೂ ಇಲ್ಲ.

ಶಾಸ್ತ್ರಿಗಳು ಮುತ್ತಲ ಎಲೆಗೆ ಹೇಳಿದ್ದಾರೆ. ಮುನ್ನೂರ ಅರವತ್ತು ಬೇಕು. ಚೀಟಿ ಕಳಿಸು.

ಅಡುಗೆಮನೆಯ ನೆಲದ ವಿಷಯ ನನಗೆ ನೆನಪಿಲ್ಲ.

ಯಮುನಾಬಾಯಿ

•

ಪೋರ್ಚುಗಲ್
27 ನವೆಂಬರ್ 2003

ತೀ॥ ಗಂ॥ ಭಾ॥ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಉತ್ತರ ದಾರಿಯಲ್ಲಿರಬಹುದು. ಅದಕ್ಕೆ ಕಾಯದೆ ಬರೆಯುತ್ತಿದ್ದೇನೆ, ಇದು ಹತ್ತನೆಯ ತಾರೀಖಿನೊಳಗೆ ಮುಟ್ಟಬೇಕು.

ನಿನ್ನೆ ಹೋದೆ. ಬಿ ಬ್ಲಾಕಿನ ಕೆಳಗಿನ ಬಾಗಿಲು ಬರೀ ಮುಂದೆ ಮಾಡಿತ್ತು, ಬೀಗವಿರಲಿಲ್ಲ. ಲಿಫ್ಟಿಲ್ಲ, ಕರೆಂಟ್ ತೆಗೆದಿದ್ದಾರೆ. ಮೂರು ಮಹಡಿ ಗೋಡೆ ಹಿಡಿದುಕೊಂಡು ಹತ್ತಿದೆ. ಕಿಟಕಿಗಳಿಂದ ಕಂಡ ಸೋಫಾಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದಾರೆ, ಬೇಸಿಗೆಯವರು ಮೈಗೆ ಹಚ್ಚಿಕೊಂಡ ಎಣ್ಣೆಯ ವಾಸನೆ ಇನ್ನೂ ಇದೆ. ಒಂದು ಮನೆಯ ಬಾಗಿಲು ತೆರೆದಿತ್ತು. ಬಾಲ್ಕನಿಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತವರ ಬೆನ್ನು ಕಂಡಿತು. ಕಂದು ಸ್ವೆಟರು. ನನ್ನ ಬಾಯಿಂದ "ರೀ" ಎಂಬುದು ಹೊರಟೇಬಿಟ್ಟಿತು. ಹನ್ನೆರಡು ವರ್ಷದ ಮೇಲೆ.

ತಿರುಗಿ ನೋಡಿದವಳು ಅಮೇಲಿಯಾ.

ಸತ್ತ ಗಂಡನ ಸ್ವೆಟರು ಅದು, ಕೈಸನ್ನೆಯಲ್ಲೇ ಎಲ್ಲ ಹೇಳಿದಳು. ಚಳಿಗಾಲದಲ್ಲಿ ಖಾಲಿ ಮನೆಗಳಿಗೆ ಗಾಳಿಯಾಡಿಸುವುದು ಅವಳ ಕೆಲಸ. ಮಧ್ಯಾಹ್ನ ಆ ಬಾಲ್ಕನಿಗೆ ಮಾತ್ರ ಬಿಸಿಲು ಬರುತ್ತದೆಂದು ಅಲ್ಲಿ ಕೂತು ಬ್ರೆಡ್ಡು ತಿನ್ನುತ್ತಾಳೆ. ಯಾರಿದ್ದಾರೆ ಎಂದು ಕೇಳಿದಾಗ ಯಾರೂ ಇಲ್ಲ ಎಂದಳಲ್ಲ, ತನ್ನನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಐದು ಚೂರು ಯಾಕೆ ಎಂದು ಬೆರಳಿಂದ ಕೇಳಿದೆ. ಐದು ಗುಬ್ಬಿಗಳಂತೆ, ಒಂದೊಂದಕ್ಕೆ ಒಂದು. ಐದನೆಯದು ಕುಂಟ, ಉಳಿದವು ಅದನ್ನು ಸೇರಿಸುವುದಿಲ್ಲ, ಅದಕ್ಕೇ ಅದರ ಪಾಲು ದೂರ. ಕುಂಟ ಗುಬ್ಬಿಯ ನಡಿಗೆ ಮಾಡಿ ತೋರಿಸಿದಳು. ನಾನು ನಕ್ಕೆ. ಆಮೇಲೆ ನಿಲ್ಲಿಸಲಾಗಲಿಲ್ಲ, ಅದು ಅಳುವಾಯಿತು. ಅವಳು ಏನೂ ಕೇಳದೆ ಅರ್ಧ ಬ್ರೆಡ್ಡು ಮುರಿದು ಕೈಗಿಟ್ಟಳು.

ಮುಗಿಯಿತು. ನೀವು ಕನಸಿನಲ್ಲಿ ಎಷ್ಟು ದಿನ ಅವರನ್ನು ಹೊಸ್ತಿಲಾಚೆ ನಿಲ್ಲಿಸಿಕೊಳ್ಳುತ್ತೀರಿ? ನಿಮ್ಮ ವಯಸ್ಸಿಗೆ ಅದು ತಡೆಯುವ ಕಷ್ಟವಲ್ಲ. ಚೀಟಿ ಜೊತೆಗಿಟ್ಟಿದ್ದೇನೆ. "ಹನ್ನೆರಡು ವರ್ಷಗಳಲ್ಲಿ ನನ್ನ ಗಂಡ ದತ್ತಾತ್ರೇಯ ಅವರ ಯಾವ ಸುದ್ದಿಯೂ ನನಗೆ ಬಂದಿಲ್ಲ." ಸಹಿ ಮಾಡಿದ್ದೇನೆ. ನೀವು ಉಣ್ಣಿಸಿ ಕಳಿಸಿ.

ನಿಮ್ಮ ಸೊಸೆ,
ನಲಿನಿ

•

ತಾರ್ನಾಕ
12-12-2003

ಚಿ॥ ನಲಿನಿಗೆ ಯಮುನಾಬಾಯಿಯ ಆಶೀರ್ವಾದಗಳು.

ಹೆಸರಿನ ಹಿಂದೆ ಸೌ॥ ಇಲ್ಲದ್ದನ್ನು ಮೊದಲೇ ನೋಡಿರುತ್ತೀ. ಅದನ್ನು ಬರೆಯಲು ಇನ್ನು ಶಾಸ್ತ್ರ ಬಿಡುವುದಿಲ್ಲ. ವಿಧವೆಯೆಂದು ನೀನು ನನಗೆ ಬರೆಯುತ್ತೀಯಲ್ಲ ಗಂ॥ ಭಾ॥ ಎಂದು, ಅದನ್ನು ನಿನಗೆ ಬರೆಯಲು ನನ್ನ ಕೈ ಬಿಡಲಿಲ್ಲ. ಹೀಗಾಗಿ ಬರೀ ನಲಿನಿ.

ಚೀಟಿ ಒಂಬತ್ತಕ್ಕೆ ಸಂಜೆ ಬಂತು. ಹತ್ತಕ್ಕೆ ಎಲ್ಲ ಆಯಿತು. ಈಗ ಸೂತಕ, ನನಗೆ ಕೆಲಸವಿಲ್ಲ. ಕೂತು ನಿಧಾನ ಬರೆಯುತ್ತೇನೆ. ಓದಿದ ಮೇಲೆ ಹರಿದು ಸಮುದ್ರಕ್ಕೆ ಹಾಕು.

ಅಡುಗೆಮನೆಯ ನೆಲ ನನಗೆ ನೆನಪಿದೆ.

ಆರು ವರ್ಷದ ಹಿಂದೆ, ಜ್ಯೇಷ್ಠ. ನೀನು ಕಾಲೇಜಿಗೆ ಹೋಗಿದ್ದೆ, ವಾಸುದೇವ ಆಫೀಸಿಗೆ. ಮಧ್ಯಾಹ್ನ ಬಾಗಿಲು ಸಪ್ಪಳಾಯಿತು. ತೆಗೆದರೆ ದತ್ತೂ. ಕೃಶವಾಗಿದ್ದ, ಗಡ್ಡ ಬಂದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಅವ್ವಾ, ಹಸಿವಿ ಆಗ್ಯದ" ಅಂದ. ಆರು ವರ್ಷ ಎಲ್ಲಿದ್ದೆ ಎಂದು ಬೈಯಬೇಕಿತ್ತು. ಎಲೆ ಹಾಕಿದೆ. ಅನ್ನ, ಸಾರು, ಮೆಂತ್ಯದ ಪಲ್ಯ ಇತ್ತು. ಚಿತ್ರಾಹುತಿ ಇಟ್ಟ, ಐದನೆಯದನ್ನು ದೂರ ಇಟ್ಟ. ಎರಡು ಸಲ ಅನ್ನ ಹಾಕಿಸಿಕೊಂಡ. ಎಲ್ಲಿರುತ್ತೀ, ಏನು ಮಾಡುತ್ತೀ, ಏನು ಕೇಳಿದರೂ ಬರೀ ನಗು.

ನಾನು ಅಂದೆ, "ನಾಲ್ಕಕ್ಕ ನಲಿನಿ ಬರ್ತಾಳ, ಅಲ್ಲೀ ತನಕ ಇರು."

ಅವನು ಕೈ ನಿಲ್ಲಿಸಿ ನನ್ನನ್ನು ನೋಡಿ, "ಯಾವ ನಲಿನಿ?" ಅಂದ.

ಸುಳ್ಳು ಕೇಳಿದ್ದಲ್ಲ. ಅವನು ಸಣ್ಣವನಿದ್ದಾಗಿನಿಂದ ಅವನ ಸುಳ್ಳು ನನಗೆ ಗೊತ್ತು. ಅವನ ಕಣ್ಣಲ್ಲಿ ನೀನು ಇರಲಿಲ್ಲ. ಕೈ ತೊಳೆದ, ಹೋದ. ನಾನು ರಸ್ತೆಯವರೆಗೆ ಓಡಿದೆ. ನಮ್ಮ ರಸ್ತೆ ಉದ್ದಕ್ಕೆ ಬಯಲು, ಒಂದು ಮರ ಕೂಡ ಅಡ್ಡವಿಲ್ಲ. ಅಲ್ಲಿ ಯಾರೂ ಇರಲಿಲ್ಲ.

ಬಂದದ್ದು ಮನುಷ್ಯನೋ, ಸತ್ತವನು ಹಸಿದು ಬಂದನೋ, ಹುಚ್ಚು ಹಿಡಿದು ಹೆಂಡತಿಯನ್ನು ಮರೆತನೋ, ಇವತ್ತಿಗೂ ನನಗೆ ತಿಳಿಯದು. ಆದರೆ ಎಲೆ ಎಂಜಲಾಗಿತ್ತು. ಅನ್ನ ಖರ್ಚಾಗಿತ್ತು. ನಾನು ಎಲೆ ಎತ್ತಿ, ಆ ಐದು ಅಗುಳನ್ನು ಬಳಿದು ಗೋಮಯ ಹಚ್ಚಲಾರದೆ ಹಾಗೇ ಬಿಟ್ಟೆ. ಸಂಜೆ ನೀನು ಬಂದೆ. ಬಂದಿದ್ದ ಎಂದು ಹೇಳಿದರೆ ಏನಂದ ಎಂದು ಕೇಳುತ್ತೀ. ಆ ಎರಡು ಮಾತು ನಿನ್ನ ಕಿವಿಗೆ ಬೀಳಬಾರದೆಂದು ಭಿಕ್ಷೆಯವರು ಎಂದೆ. ಅವತ್ತು ಹೇಳಿಬಿಟ್ಟಿದ್ದರೆ ನೀನು ಇಷ್ಟು ವರ್ಷ ಆ ಕ್ಯಾಲೆಂಡರ್ ಒರೆಸುತ್ತಿರಲಿಲ್ಲ. ತಪ್ಪು ನನ್ನದು.

ಮೊನ್ನೆ ಶಾಸ್ತ್ರಿಗಳು ನನ್ನ ಅಂಗೈಗೆ ನೀರು ಹಾಕಿ ಕೇಳಿದರು. "ಯಮುನಾಬಾಯಿ, ಹನ್ನೆರಡು ವರ್ಷದಾಗ ಕಂಡದ್ದು, ಕೇಳಿದ್ದು ಏನರೆ ಅದ ಏನ್ರಿ? ಮನಸಿನಾಗ ದೇವರನ್ನ ನೆನಿಸಿ ಹೇಳ್ರಿ." "ಅದ" ಎಂದಿದ್ದರೆ ಇನ್ನೂ ಆರು ವರ್ಷ ನೀನು ಆ "ಯಾವ ನಲಿನಿ" ಎಂದವನ ಹೆಂಡತಿ. ನಾನು ಇಲ್ಲ ಎಂದೆ. ನೀರು ಬಿಟ್ಟೆ. ವಾಸುದೇವ ಎಲೆ ಹೊಂದಿಸಿದ, ತಲೆಗೆ ತೆಂಗಿನಕಾಯಿ ಇಟ್ಟರು. ಆ ಎಲೆಯ ದೇಹ ದತ್ತೂನಷ್ಟೇ ಉದ್ದವಿತ್ತು. ಬದುಕಿರುವ ಮಗನನ್ನು ಸುಟ್ಟೆನೋ ಏನೋ. ಇನ್ನು ಅವನು ಬಂದು ನಿಂತರೆ ನಾನು ಬಾಗಿಲು ತೆಗೆಯುವ ಹಾಗಿಲ್ಲ, ಎಲೆ ಹಾಕುವ ಹಾಗಿಲ್ಲ. ಅದೆಲ್ಲ ಯೋಚಿಸಿಯೇ ಮಾಡಿದೆ. ಪಾಪ ಬಂದರೆ ನನಗೆ ಬರಲಿ.

ನಿನ್ನೆ ಮಧ್ಯಾಹ್ನ ಅಡ್ಡಾದೆ. ಕನಸಿನಲ್ಲಿ ಬರಲಿಲ್ಲ. ಬರಲಿಲ್ಲವೆಂದು ಎದ್ದು ಕೂತು ಭಾಳ ಅತ್ತೆ.

ಯಮುನಾಬಾಯಿ

•

ಪೋರ್ಚುಗಲ್
26 ಡಿಸೆಂಬರ್ 2003

ತೀ॥ ಗಂ॥ ಭಾ॥ ಅತ್ತೆಯವರಿಗೆ ನಲಿನಿಯ ನಮಸ್ಕಾರಗಳು.

ನಿಮ್ಮ ಕಾಗದ ಮೊನ್ನೆ ಬಂತು. ಹರಿದು ಸಮುದ್ರಕ್ಕೆ ಹಾಕಿದೆ. ಚೂರುಗಳು ಬಹಳ ಹೊತ್ತು ದಂಡೆಯಲ್ಲೇ ತೇಲುತ್ತಿದ್ದವು.

ಒಂದು ಸುಳ್ಳು ನಿಮ್ಮದಾದರೆ ಒಂದು ನನ್ನದು, ಪಾಪವನ್ನು ನೀವೊಬ್ಬರೇ ಕಟ್ಟಿಕೊಂಡು ಹೋಗಬೇಡಿ. ಆ ಐದು ಅಗುಳು ಕಂಡಾಗಲೇ ಅವರು ಬಂದಿದ್ದರೆಂದು ನನಗೆ ಗೊತ್ತಾಗಿತ್ತು. ನೆನಪಿಗೆ ಎಲೆ ಹಾಕಿದ್ದೀರಿ ಎಂದುಕೊಂಡೆ ಎಂದು ಬರೆದದ್ದು ನಿಜವಲ್ಲ. ನೀವು ಎಲೆ ಹಾಕಬಹುದು, ಐದನೆಯದನ್ನು ಸರಿಸಿ ಇಡುವವರಲ್ಲ. ಆ ಜ್ಯೇಷ್ಠದಲ್ಲಿ ಒಂದು ತಿಂಗಳು ತಲೆನೋವೆಂದು ನಾನು ಮಧ್ಯಾಹ್ನ ಮನೆಗೆ ಬರುತ್ತಿದ್ದೆನಲ್ಲ, ತಲೆನೋವು ಇರಲಿಲ್ಲ. ಅವರು ಮತ್ತೆ ಬಂದಾರೆಂದು ಕಾಯುತ್ತಿದ್ದೆ. ನೀವೂ ಬಾಗಿಲ ಕಡೆಗೇ ನೋಡುತ್ತಾ ಅಕ್ಕಿ ಆರಿಸುತ್ತಿದ್ದಿರಿ. ನಮ್ಮ ಬಾಯಿಗೆ ಏನು ಬಂದಿತ್ತು ಅತ್ತೆ? ಒಬ್ಬರು ಕೇಳಿದ್ದರೆ ಇನ್ನೊಬ್ಬರು ಹೇಳುತ್ತಿದ್ದೆವು. ಎಲ್ಲ ಗೊತ್ತಿದ್ದೇ ಚೀಟಿಗೆ ಸಹಿ ಹಾಕಿದೆ, ನಿಮಗೊಂದು ನಿದ್ದೆ ಬರಲಿ ಎಂದು.

"ಯಾವ ನಲಿನಿ" ಎಂದರೆಂದು ಓದಿದಾಗ ಸಿಟ್ಟು ಬಂತು. ಎಲೆಯನ್ನಲ್ಲ, ಅವರನ್ನೇ ಸುಡಬೇಕು ಅನ್ನಿಸಿತು. ಆಮೇಲೆ ಸಂಜೆ ಬಂಡೆಗಳ ಮೇಲೆ ನಡೆಯುವಾಗ ಹಗುರವೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಹೆಸರೇ ಮರೆತವರಿಗಾಗಿ ನಾನು ಅಪರಾಧಿಯಂತೆ ಕೂತಿರಬೇಕಿಲ್ಲ. ಹಣೆಯ ಕುಂಕುಮದ ವಿಷಯ ನೀವೂ ಬರೆಯಲಿಲ್ಲ, ನಾನೂ ಕೇಳುವುದಿಲ್ಲ.

ಈಗ ಇವತ್ತಿನ ಮಾತು. ನೀವು ನಂಬುತ್ತೀರಿ, ಬೇರೆ ಯಾರೂ ನಂಬಲಿಕ್ಕಿಲ್ಲ.

ಅಮೇಲಿಯಾ ಕ್ರಿಸ್‌ಮಸ್ಸಿಗೆ ಮಗಳ ಊರಿಗೆ ಹೋಗಿ ನಾಲ್ಕು ದಿನವಾಯಿತು. ಹೋಗುವಾಗ ಎರಡೂ ಬ್ಲಾಕಿನ ಕೀಲಿಗೊಂಚಲು ನನಗೆ ಕೊಟ್ಟಳು. ಬಿ ಬ್ಲಾಕಿಗೆ ಈ ಸಲ ನಾನೇ ಬೀಗ ಹಾಕಿದ್ದೇನೆ, ಎರಡು ಸಲ ಜಗ್ಗಿ ನೋಡಿದ್ದೇನೆ. ಈ ಇಡೀ ದಂಡೆಗೆ ನಾನೊಬ್ಬಳೇ.

ಮಧ್ಯಾಹ್ನ ಅನ್ನ ಮಾಡಿ, ಸಾರು ಬಡಿಸಿಕೊಂಡು ಕೂತೆ. ಎದುರಿನ ಮೂರನೆಯ ಮಹಡಿಯ ಬಾಲ್ಕನಿಯಿಂದ ಒಂದು ಕೈ ಮೇಲೆ ಬಂತು. ಸ್ವೆಟರಿಲ್ಲ. ಬಿಳಿ ಅಂಗಿಯ ತೋಳು, ಮೈಗೆ ಅಂಟಿಕೊಂಡಿತ್ತು, ತೊಯ್ದ ಹಾಗೆ. ಕಟ್ಟೆಯ ಮೇಲೆ ನಾಲ್ಕು ಇಟ್ಟು, ಐದನೆಯದನ್ನು ದೂರ ಇಟ್ಟಿತು. ಅಷ್ಟು ದೂರದಿಂದ ಅನ್ನವೋ ಬ್ರೆಡ್ಡೋ ಹೇಳಲಾಗದು, ಬೆಳ್ಳಗಿತ್ತು. ಗುಬ್ಬಿಗಳು ಐದೂ ನನ್ನ ಬಾಲ್ಕನಿಯ ಕಂಬಿಯ ಮೇಲೆ ಕೂತು ನೋಡುತ್ತಿದ್ದವು. ಕುಂಟ ಗುಬ್ಬಿಯೂ ಇತ್ತು. ಒಂದೂ ಆ ಕಡೆ ಹಾರಲಿಲ್ಲ.

ನಾನು ಎದ್ದು ಮೊಳೆಯಿಂದ ಗೊಂಚಲು ತೆಗೆದುಕೊಂಡೆ. ಕೊಳ ದಾಟಿ ಮೂರು ಮಹಡಿ ಹತ್ತಿದರೆ ಎರಡೇ ನಿಮಿಷ. ನನ್ನ ಬಾಲ್ಕನಿಯ ಬಾಗಿಲಲ್ಲೇ ನಿಂತೆ. ಆ ಕೈ ಇನ್ನೂ ಕಟ್ಟೆಯ ಮೇಲೆ ಇತ್ತು, ಅಂಗೈ ಮೇಲಾಗಿ. ಬರ್ತೀಯೇನು ಎಂದು ಕೇಳಿದಂತೆ.

ಈ ಸಲ ನಾನು ತಲೆಯೆತ್ತಿ ನೋಡಿದೆ ಅತ್ತೆ. ಸರಿಯಾಗಿ, ಬಹಳ ಹೊತ್ತು ನೋಡಿದೆ. ಆಮೇಲೆ ಅಷ್ಟು ದೂರ ಕೇಳಿಸುವ ಹಾಗೆ ಕೂಗಿ ಹೇಳಿದೆ: "ಇಲ್ಲ, ನಾ ಬರೂದಿಲ್ಲ. ಅನ್ನ ಆರ್ಲಿಕತ್ತದ."

ಗೊಂಚಲನ್ನು ಮೊಳೆಗೆ ಹಾಕಿದೆ. ಬಾಲ್ಕನಿಯ ಬಾಗಿಲು ಮುಚ್ಚಿ, ಎದುರಿಗಿದ್ದ ಆ ಖಾಲಿ ಕುರ್ಚಿಯನ್ನು ಎತ್ತಿ ಒಳಗಿಟ್ಟು ಬಂದೆ. ಕೂತು ಉಂಡೆ. ಎರಡು ಸಲ ಹಾಕಿಕೊಂಡೆ.

ಫೆಬ್ರವರಿ ಹದಿನಾಲ್ಕಕ್ಕೆ ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇನೆ, ವಾಸುದೇವ ಬಂದರೆ ಸಾಕು. ಅಷ್ಟರಲ್ಲಿ ನೀವು ಗಚ್ಚಿಬೌಲಿಗೆ ಹೋಗಿರುತ್ತೀರಿ. ನನ್ನ ಪುಸ್ತಕಗಳನ್ನೆಲ್ಲ ಒಯ್ಯಿರಿ. ಕ್ಯಾಲೆಂಡರನ್ನು ಆ ಗೋಡೆಯ ಮೇಲೇ ಬಿಟ್ಟು ಬನ್ನಿ. ಚಟ್ನಿಪುಡಿ ಮುಗಿದಿದೆ.

ನಿಮ್ಮ ಸೊಸೆ,
ನಲಿನಿ